ಏಣಿಯತ್ತೆ ಪಾತ್ರೆ ಬಗ್ಗಿಸಿದ್ದು

ಆಕಾಶದಲ್ಲಿ ಮೊದಲ ಗುಡುಗು ಹೊರಳಿದ ಕೂಡಲೇ ಲೋಕದ ಸಕಲ ಜೀವರಾಶಿಯೂ ಒಳಗೆ ಓಡುತ್ತದೆ. ಬೆಕ್ಕು ಮಂಚದ ಕೆಳಗೆ, ಒಣಹಾಕಿದ ಬಟ್ಟೆ ಬುಟ್ಟಿಯೊಳಗೆ, ಗಣ್ಯರು ಸಿಕ್ಕಿದ ಅಂಗಡಿಯ ಸೂರಿನಡಿಗೆ. ಸರಿಯಾಗಿ ಅದೇ ಹೊತ್ತಿಗೆ ಹೊರಗೆ ಹೊರಡುವ ಪ್ರಾಣಿಗಳು ಎರಡೇ: ಒಂದು ಕಪ್ಪೆ, ಇನ್ನೊಂದು ಏಣಿಯತ್ತೆ. ಕಪ್ಪೆಯಾದರೂ ಒಮ್ಮೊಮ್ಮೆ ಹಿಂದೆಮುಂದೆ ನೋಡುವುದುಂಟು. ಏಣಿಯತ್ತೆ ಗೂಟದಿಂದ ಬುಟ್ಟಿ ಇಳಿಸಿ ಬೀದಿಗೆ ಕಾಲಿಟ್ಟಳೆಂದರೆ, ದಂಡಯಾತ್ರೆಗೆ ಹೊರಟ ಚಕ್ರವರ್ತಿಗೆ ದಾರಿ ಬಿಡುವಂತೆ ಜನ ಎರಡೂ ಕಡೆ ಸರಿದು ನಿಲ್ಲುತ್ತಿದ್ದರು. ಮೋಡಗಳು ಅವಳ ಅನುಮತಿ ಪಡೆದೇ ಕರಗುತ್ತವೆ ಎಂದು ಕ್ಷೌರದಂಗಡಿಯವನು ನಂಬಿದ್ದ. ಪಕ್ಕದ ಮನೆಯಾಕೆ ಬಟ್ಟೆ ಹರವುವ ಮೊದಲು ಆಕಾಶದ ಕಡೆ ತಲೆಯೆತ್ತುತ್ತಲೇ ಇರಲಿಲ್ಲ. ಗೂಟದಲ್ಲಿ ಬುಟ್ಟಿ ಇದೆಯೋ ಇಲ್ಲವೋ ಎಂದು ಕಿಟಕಿಯಲ್ಲಿ ಇಣುಕುತ್ತಿದ್ದಳು.

ಇಷ್ಟು ದೊಡ್ಡ ಪುರಾಣದ ಬೇರು ಮಾತ್ರ ಬಹಳ ಸಣ್ಣದು. ಏಣಿಯತ್ತೆಯ ಕಸುಬು ಮನೆಗಳಿಗೆ ಬಣ್ಣ ಬಳಿಯುವುದು. ಮಳೆ ಬಂದರೆ ಹೊರಗೋಡೆಗೆ ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ಮಳೆಯೇ ಅವಳ ಭಾನುವಾರ, ಸೊಪ್ಪು, ಹಣ್ಣು, ಅಣಬೆ ಆಯಲು ಊರಾಚೆಯ ಕಾಡೇ ಅವಳ ಅಂಗಳ.

ಅವಳ ಕೋಟನ್ನು ನೋಡಬೇಕು. ಹುಟ್ಟಿದಾಗ ಅದು ಬೂದುಬಣ್ಣದ್ದಾಗಿತ್ತಂತೆ. ಈಗ ಅದರ ಮೇಲೆ ಊರಿನ ಚರಿತ್ರೆಯೇ ಚೆಲ್ಲಿಕೊಂಡಿತ್ತು. ಎಡತೋಳಿನ ತಿಳಿನೀಲಿ ವಕೀಲರ ಮನೆ. ಎದೆಯ ಮೇಲಿನ ಗುಲಾಬಿ, ಡಾಕ್ಟರು ಮದುವೆಯಾದ ಹೊಸತರಲ್ಲಿ ಬಳಿಸಿದ್ದು. ಅದರ ಮೇಲೆ ಬಿದ್ದಿರುವ ಗಂಭೀರ ಕಂದು, ಆಮೇಲೆ ಬಳಿಸಿದ್ದು. ವರ್ಷಾನುಗಟ್ಟಲೆ ಏಣಿ ಹತ್ತಿ ಇಳಿದು ಅವಳ ನಡಿಗೆಯೂ ಏಣಿಯದೇ ಆಗಿಬಿಟ್ಟಿತ್ತು: ಕಾಲಿಟ್ಟು, ನೆಲವನ್ನು ಒತ್ತಿ ನೋಡಿ, ಅದು ಒಪ್ಪಿಕೊಂಡ ಮೇಲೆಯೇ ಮೈಭಾರ ಬಿಡುವುದು. ಸಪಾಟು ರಸ್ತೆಯಲ್ಲಿ ಇದು ನಗು ತರಿಸುತ್ತಿತ್ತು. ಕೆಸರಿನ ಇಳಿಜಾರಿನಲ್ಲಿ ನಕ್ಕವರೇ ಜಾರಿ ಬೀಳುತ್ತಿದ್ದರು, ಅವಳಲ್ಲ. ಇನ್ನು ಮಾತು. ಯಾವ ಮಾತಿಗಾದರೂ ಅವಳು "ಹಾಗಲ್ಲ" ಎಂದೇ ಶುರುಮಾಡಬೇಕು, ಒಪ್ಪಿಗೆಯಿದ್ದರೂ ಸರಿ. "ಹಳದಿಯೇ ಚೆನ್ನ ಅಲ್ವಾ?" ಎಂದು ಮನೆಯವರು ಕೇಳಿದರೆ, "ಹಾಗಲ್ಲ, ಹಳದಿಯೇ ಚೆನ್ನ" ಎನ್ನುವಳು.

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳಿಗೆ ಅಮ್ಮನೆಂದರೆ ಚಿಕ್ಕಂದಿನಿಂದಲೂ ಹೆಮ್ಮೆ. ಬೀದಿಯಲ್ಲಿ ನಡೆಯುತ್ತ ಒಂದೊಂದೇ ಗೋಡೆ ತೋರಿಸಿ "ಇದು ನಮ್ಮಮ್ಮಂದು" ಎನ್ನುತ್ತಿದ್ದಳು; ಕೇಳಿದವರಿಗೆ ಅರ್ಧ ಊರು ಇವರದೇ ಆಸ್ತಿ ಎಂಬ ಭ್ರಮೆ ಹುಟ್ಟುತ್ತಿತ್ತು. ಆದರೆ ಆ ಒಂದು ದಿನ ಮಾತ್ರ ಅಮ್ಮ ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿದ್ದುಂಟು. ಅವಳೂ ಬೇಕರಿಯ ಹುಡುಗನೂ ಮದುವೆಯಾಗುವುದೆಂದು ತಮ್ಮೊಳಗೆ ತೀರ್ಮಾನಿಸಿಕೊಂಡಿದ್ದರು. ಉಳಿದದ್ದು ಹುಡುಗನ ತಾಯಿಯ ಒಪ್ಪಿಗೆ. ಪೇಟೆಯೆಲ್ಲ ಬೇಕರಿಯಮ್ಮ ಎಂದು ಕರೆಯುತ್ತಿದ್ದ ಆ ತಾಯಿ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಒಲೆ ನಡೆಸಿದ ಗಟ್ಟಿಗಿತ್ತಿ. "ಬೀಗಿತಿಯನ್ನ ಒಂದ್ಸಲ ನೋಡ್ತೀನಿ, ಆಮೇಲೆ ಹೇಳ್ತೀನಿ" ಎಂದು ಬರುವ ದಿನ ಗೊತ್ತುಮಾಡಿದಳು. ಆ ದಿನವೇ ಗುಡುಗಿತು.

"ಅಮ್ಮಾ, ಇವತ್ತೊಂದಿನ ಮನೇಲಿರು. ಎಲ್ಲರ ಹಾಗೆ ಕುರ್ಚಿ ಹಾಕಿ ಕಾಫಿ ಕೊಡೋಣ."

"ಹಾಗಲ್ಲ ಕಣೇ. ಕುರ್ಚಿ ಮೇಲೆ ಎಲ್ಲಾರೂ ಒಳ್ಳೆಯವರೇ. ನೆನೆದಾಗ ಗೊತ್ತಾಗತ್ತೆ."

ಹೀಗೆ ಬೇಕರಿಯಮ್ಮ, ಕೈಯಲ್ಲಿ ಕೊಡೆ, ಕಂಕುಳಲ್ಲಿ ಬ್ರೆಡ್ಡಿನ ಡಬ್ಬಿ, ಮುಖದಲ್ಲಿ ಅಪಾರ ಸಹನೆ ಹೊತ್ತು ಕಾಡು ಹೊಕ್ಕಳು. ಹಿಂದೆ ಹುಡುಗ, ಅವನ ಹಿಂದೆ ಜೀವ ಕೈಯಲ್ಲಿ ಹಿಡಿದ ಮಗಳು. ಏಣಿಯತ್ತೆ ಎಳೆಸೊಪ್ಪು ಚಿವುಟಿದಳು, ಮುಳ್ಳುಪೊದೆಯಿಂದ ಕಪ್ಪುಹಣ್ಣು ಬಿಡಿಸಿದಳು. ಅಣಬೆಯ ಸರದಿ ಬಂದಾಗ ಮಾತ್ರ ಗತ್ತೇ ಬೇರೆ. ವಿಷದ ಗುರುತು ಬುಡದಲ್ಲೇ ಅಡಗಿರುತ್ತದೆಂದು, ಗೋಡೆ ಕೆರೆಯುವ ಅಲಗಿನಿಂದ ಒಂದೊಂದನ್ನೂ ಬುಡಸಮೇತ ಎಬ್ಬಿಸಿ, ತಲೆಕೆಳಗು ಮಾಡಿ, ಮೂಸಿ, ಮುರಿದು, ಮತ್ತೆ ನೋಡಿ ಬುಟ್ಟಿಗೆ ಹಾಕುವಳು.

"ಏನ್ರೀ ಇದು, ನನ್ನ ಮಗನ್ನೂ ನೀವು ಇಷ್ಟು ತಿರುಗಿಸಿ ನೋಡ್ಲಿಲ್ಲ!" ಎಂದಳು ಬೇಕರಿಯಮ್ಮ.

"ಹಾಗಲ್ಲ, ನಿಮ್ಮ ಮಗನ್ನ ಬೇಯಿಸಿ ತಿನ್ನಬೇಕಾಗಿಲ್ಲವಲ್ಲ."

ಬೇಕರಿಯಮ್ಮ ಹೊಟ್ಟೆ ಹಿಡಿದು ನಕ್ಕಳು. ಮಗಳ ಜೀವ ಕೈಯಿಂದ ಮತ್ತೆ ಎದೆಗೆ ಬಂತು.

ಎರಡು ಮರಗಳ ನಡುವೆ ಟಾರ್ಪಾಲು ಬಿಗಿದದ್ದಾಯಿತು. ತೂತು ಕೊರೆದ ತಗಡಿನ ಡಬ್ಬಿ ಒಲೆಯಾಯಿತು. ಏಣಿಯತ್ತೆ ಕೋಟಿನೊಳಗೆ ಬೆಚ್ಚಗೆ ಬಚ್ಚಿಟ್ಟುಕೊಂಡು ಬಂದಿದ್ದ ಒಣಕಡ್ಡಿಗಳನ್ನು ಹೊರತೆಗೆದು, ಸುತ್ತಲೂ ಧೋ ಎಂದು ಸುರಿಯುವ ವರುಣನ ಮೂಗಿನ ಕೆಳಗೇ ಬೆಂಕಿ ಹೊತ್ತಿಸಿದಳು. ಪಾತ್ರೆಯಲ್ಲಿ ಬೆಣ್ಣೆ ಕರಗಿತು, ಈರುಳ್ಳಿ ಕೆಂಪಾಯಿತು. "ಒಲೆ ನೋಡ್ಕೊಂಡಿರಿ, ಕುಡಿಯೋಕೆ ನೀರು ತರ್ತೀವಿ" ಎಂದು ಹೇಳಿ, ಮಗಳನ್ನು ಕರೆದುಕೊಂಡು ಮೇಲಿನ ಒರತೆಗೆ ಹೋದಳು.

ಆದರೆ ಬೇಕರಿಯಮ್ಮನ ಕೈಗಳು ಜನ್ಮದಲ್ಲಿ ಒಮ್ಮೆಯೂ ಸುಮ್ಮನೆ ಕೂತವಲ್ಲ. ಇವರು ಮರಳುವ ಹೊತ್ತಿಗೆ ಬುಟ್ಟಿಯ ಅಣಬೆಯನ್ನೆಲ್ಲ ಪಕ್ಕದ ತೊರೆಯಲ್ಲಿ ತೊಳೆದು, ಕೇಕಿಗೆ ಹಣ್ಣು ಹೆಚ್ಚುವಷ್ಟು ಸಣ್ಣಗೆ ಹೆಚ್ಚಿ ಹಾಕಿದ್ದಳು; ಅದು ಪಾತ್ರೆಯಲ್ಲಿ ಕೊತಕೊತ ಬೇಯುತ್ತಿತ್ತು. ಆ ಘಮಕ್ಕೆ ಹುಡುಗ ತಟ್ಟೆ ಹಿಡಿದು ಸಿದ್ಧವಾಗಿ ಕೂತಿದ್ದ. ಏಣಿಯತ್ತೆ ಸೌಟಿನಿಂದ ಒಂದು ಸುತ್ತು ತಿರುವಿದಳು. ಸೌಟು ನಿಂತಿತು.

"ಈ ಬಿಳೀ ಚೂರು ಯಾವುದು?"

"ಅದಾ? ನಾನೇ ಸೇರಿಸಿದ್ದು. ಆ ಮೋಟುಮರದ ಹಿಂದೆ ಇದ್ವು, ನೀವು ನೋಡ್ದೇ ಬಿಟ್ಟಿದ್ರಿ. ಎಷ್ಟು ಮುದ್ದಾಗಿದ್ವು ಅಂತೀರಿ, ಕೆನೆ ಹಚ್ಚಿದ ಹಾಗೆ!"

"ಬುಡ ಎಲ್ಲಿ?"

"ಮಣ್ಣಾಗಿತ್ತು, ಕತ್ತರಿಸಿ ತೊರೆಗೆ ಎಸೆದೆ. ಬುಡ ಯಾರು ತಿಂತಾರೆ?"

ಹುಡುಗ ಓಡಿಹೋಗಿ ಮೋಟುಮರದ ಹಿಂದೆ ಹುಡುಕಿದ. ಅವನ ತಾಯಿ ಅಲ್ಲಿ ನೋಡಿ ಗುರುತಿಸಲು ಒಂದನ್ನೂ ಉಳಿಸಿರಲಿಲ್ಲ. ಏಣಿಯತ್ತೆ ಒಂದು ಚೂರನ್ನು ಬೆರಳ ಮೇಲಿಟ್ಟು ಬೆಳಕಿಗೆ ಹಿಡಿದಳು. ಅಷ್ಟು ಸಣ್ಣ ಚೂರಿಗೆ ಮುಖವೂ ಇಲ್ಲ, ಮೈಯೂ ಇಲ್ಲ. ಒಂದು ನಗೆ ನಕ್ಕು ಹೇಗಾದರೂ ಇದನ್ನು ದಾಟಿಸು ಎಂದು ಮಗಳು ಕಣ್ಣಲ್ಲೇ ಅಮ್ಮನನ್ನು ಬೇಡಿದಳು.

"ನಾಕು ಚೂರು ತಾನೇ ಅತ್ತೆ, ಆರಿಸಿ ತೆಗೆದ್ರಾಯ್ತು" ಎಂದ ಹುಡುಗ.

"ಹಾಗಲ್ಲಪ್ಪ. ಚೂರು ತೆಗೀತೀಯ, ರಸ ಹೇಗೆ ತೆಗೀತೀಯ?"

ಬೇಕರಿಯಮ್ಮ ಎದ್ದು ನಿಂತಳು. "ಅಂದ್ರೆ ನಾನು ವಿಷ ಹಾಕಿದೆ ಅಂತಾನಾ? ಇಡೀ ಪೇಟೆ ನನ್ನ ಕೈಯಿಂದ ತಿನ್ನತ್ತೆ, ತಿಳ್ಕೊಳ್ಳಿ!"

"ಹಾಗಲ್ಲ. ಕೈ ನಿಮ್ಮದು, ಒಳ್ಳೇದೇ. ಪಾತ್ರೆ ನಂದು."

ಅಷ್ಟೇ. ಕೋಟಿನ ತೋಳಿನಿಂದ ಹಿಡಿ ಹಿಡಿದು ಪಾತ್ರೆ ಎತ್ತಿದಳು, ದೂರ ಒಯ್ದಳು, ಅಲಗಿನಿಂದ ಗುಂಡಿ ತೋಡಿದಳು, ಬೆಣ್ಣೆಯೂ ಈರುಳ್ಳಿಯೂ ಇಡೀ ಬೆಳಗಿನ ಅಲೆದಾಟವೂ ಸೇರಿದ ಆ ಅಮೃತವನ್ನು ಬಗ್ಗಿಸಿ ಸುರಿದಳು. ಮಣ್ಣು ಮುಚ್ಚಿ, ಯಾವ ಪ್ರಾಣಿಯೂ ಕೆದಕದಂತೆ ಮೇಲೊಂದು ಕಲ್ಲು ಹೇರಿದಳು. ಹಿಂದಿರುಗಿ, ಏನೂ ಆಗಿಲ್ಲವೆಂಬಂತೆ, "ಬ್ರೆಡ್ ತಂದಿದೀರಲ್ಲ, ತೆಗೀರಿ" ಎಂದಳು. ಕಡ್ಡಿಗೆ ಚುಚ್ಚಿ ಸುಟ್ಟ ಬ್ರೆಡ್ಡಿನ ಮೇಲೆ ಕಪ್ಪುಹಣ್ಣು ಹಿಸುಕಿಕೊಂಡು ನಾಲ್ವರೂ ತಿಂದರು. ಮಗಳ ಬ್ರೆಡ್ಡು ಕರಕಲಾಗಿತ್ತು; ಅದು ಅವಳ ಗಮನಕ್ಕೇ ಬರಲಿಲ್ಲ.

ಕಾಡು ಮುಗಿದು ರಸ್ತೆ ಶುರುವಾಗುವಲ್ಲಿ ಬೇಕರಿಯಮ್ಮ ಏಣಿಯತ್ತೆಯ ಮಗಳನ್ನು ಕೊಡೆಯೊಳಗೆ ಎಳೆದುಕೊಂಡಳು. "ನಿಮ್ಮಮ್ಮನಿಗೆ ಸ್ವಲ್ಪಾನೂ ದಾಕ್ಷಿಣ್ಯ ಇಲ್ಲ ಕಣೇ. ಎದುರಿಗೇ ನಾನಿದ್ದೆ, ಆದ್ರೂ ಚೆಲ್ಲಿದ್ಲಲ್ಲ!"

ಮಗಳು ತಲೆ ತಗ್ಗಿಸಿದಳು.

"ನಮ್ಮೋರು ಇದ್ದಷ್ಟು ದಿನ ಕೆಟ್ಟ ಹಿಟ್ಟನ್ನ ಚೆಲ್ಲೋಕೆ ಹೆದರ್ತಿದ್ರು. ಯಾರು ಏನಂದ್ಕೋತಾರೋ ಅಂತ. ಅವರ ಜೊತೆ ಜಗಳ ಆಡೀ ಆಡೀ ನನ್ನ ಗಂಟಲು ಒಣಗಿತ್ತು." ಕೊಡೆಯನ್ನು ಇನ್ನಷ್ಟು ಹುಡುಗಿಯ ಕಡೆಗೆ ಬಾಗಿಸಿ, "ಇವಳು ಬಡಿಸಿದ್ದನ್ನ ಕಣ್ಣು ಮುಚ್ಚಿ ತಿನ್ನಬಹುದು. ಹೋಗು, ಮದುವೆ ಯಾವಾಗ ಇಟ್ಕೊಳ್ಳೋಣ ಅಂತ ನಿಮ್ಮಮ್ಮನ್ನ ಕೇಳ್ಕೊಂಡು ಬಾ" ಎಂದಳು.

ಮುಂದೆ ಮಳೆಯಲ್ಲಿ, ಕಾಲಿಟ್ಟು ನೆಲವನ್ನು ಒತ್ತಿ ನೋಡುತ್ತ, ಬಣ್ಣಬಣ್ಣದ ಕೋಟಿನ ಅಮ್ಮ ಹೋಗುತ್ತಿದ್ದಳು. ಮಗಳು ಕೊಡೆ ಬಿಟ್ಟು ಓಡಿದಳು.

ಮದುವೆಯಾದ ಮೇಲೆ ಈ ಕಥೆ ಬೇಕರಿಯಲ್ಲಿ ದಿನವೂ ಹೊಸದಾಗಿ ಉಬ್ಬಿ ಹೊರಬರತೊಡಗಿತು. ಮೊದಮೊದಲು ಬೀಗಿತಿ ಒಮ್ಮೆ ಮೂಸಿದ್ದಷ್ಟೇ. ಆಮೇಲಾಮೇಲೆ ಪಾತ್ರೆಯ ಹಬೆ ಹಾವಿನಂತೆ ಹೆಡೆಯೆತ್ತಿತು, ಕಾಡಿನ ಹಕ್ಕಿಗಳೆಲ್ಲ ಉಸಿರು ಬಿಗಿಹಿಡಿದವು, ಗುಂಡಿಯ ಮೇಲೆ ಹಾರಿದ ಕಾಗೆ ತಲೆಸುತ್ತಿ ಬಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಮಗಳು ಒಂದನ್ನೂ ತಿದ್ದಲಿಲ್ಲ. ಕಾಗೆಯನ್ನು ಸೇರಿಸಿದವಳು ಅವಳೇ ಎಂಬ ಗುಮಾನಿಯೂ ಇದೆ. ಇಂಥವರ ಪಂಗಡವೇ ಬೇರೆ ಎಂದು ಊರೇ ತೀರ್ಮಾನಿಸಿತು. ನಮ್ಮಂಥವರಿಗೆ ಮೂಗು ಇರುವುದು ಕನ್ನಡಕ ಕೂರಿಸುವುದಕ್ಕೆ. ಅಂಥವರಿಗೆ ಒಳಗೊಂದು ಕಣ್ಣು, ಅದರೊಳಗೊಂದು ದೀಪ. ಲೋಕ ಅನ್ನ ತಿಂದು ಅರಗಿಸಿಕೊಳ್ಳುತ್ತಿರುವುದೇ ಅಂಥ ದೀಪಗಳ ಬೆಳಕಿನಲ್ಲಿ.

ಒಂದು ದಿನ ಕಥೆ ಕಾಗೆಯವರೆಗೆ ಬಂದಿದ್ದಾಗ ಏಣಿಯತ್ತೆಯೇ ಬ್ರೆಡ್ಡಿಗೆಂದು ಒಳಗೆ ಬಂದಳು. ಗಿರಾಕಿಗಳು ಎದ್ದು ನಿಂತರು. ಕ್ಷೌರದಂಗಡಿಯವನು ಕೈಮುಗಿದೇ ಕೇಳಿದ:

"ಅತ್ತೆ, ಅಷ್ಟು ಸಣ್ಣ ಚೂರು ನೋಡಿ ಅದು ವಿಷದ್ದು ಅಂತ ಹೇಗೆ ಗೊತ್ತಾಯ್ತು?"

"ಗೊತ್ತಾಗ್ಲಿಲ್ಲ ಕಣಪ್ಪಾ. ಅದಕ್ಕೇ ಚೆಲ್ಲಿದೆ."