ತಮ್ಮ ಚೊಕ್ಕಟ ಮಾಡಿದ ದಡ

ತೊರೆಯ ಮೀನು ಹಿಡಿದು, ಎಣಿಸಿ, ಮತ್ತೆ ನೀರಿಗೆ ಬಿಡುವುದು ನನ್ನ ಕೆಲಸ. ಮನೆಯವರು ಕೇಳಿದರೆ ಇಷ್ಟೇ ಹೇಳುತ್ತೇನೆ. ಬಿಡಿಸಿ ಹೇಳುವ ತಾಳ್ಮೆ ನನಗಿಲ್ಲ. ಮೇಲ್ಗಡೆ ತರಕಾರಿ ಹೊಲಗಳು ನೀರಿನ ಅಂಚಿನವರೆಗೂ ಬಂದಿವೆ, ಕೆಳಗಡೆ ಅಂಗಡಿ ಸಾಲಿನ ಕಾಂಕ್ರೀಟು. ಎರಡೂ ಕಡೆ ಈ ತೊರೆಯದೇ ಆದ ಬೆರಳುದ್ದದ ಪಟ್ಟೆ ಮೀನು ಹೇಳಹೆಸರಿಲ್ಲದಂತಾಗಿದೆ. ಉಳಿದಿದ್ದುದು ತೊರೆ ಹಾದುಹೋಗುವ ನನ್ನ ತಮ್ಮನ ಹಿತ್ತಲಲ್ಲಿ ಮತ್ತು ಅವನ ಪಕ್ಕದ ಮನೆಯವರ ಹಿತ್ತಲಲ್ಲಿ ಮಾತ್ರ.

ಹೋದ ವರ್ಷ ಅಲ್ಲಿ ಇಳಿದಾಗ ಮುಳ್ಳುಪೊದೆ ಕಾಲು ಗೀರಿತ್ತು, ನೀರಲ್ಲಿ ಬಿದ್ದ ದಿಮ್ಮಿಗೆ ಎಡವಿದ್ದೆ. ಊಟದ ಹೊತ್ತಿಗೆ ಕಾಲು ತೋರಿಸಿ ಗೋಳಾಡಿದ್ದೆ. ಗೋಳಾಡಲು ಶುರುಮಾಡಿದರೆ ನಾನು ಬೇಗ ನಿಲ್ಲಿಸುವವಳಲ್ಲ.

ಈ ಸಲ ಹೋದಾಗ ತಮ್ಮ ಹಿಂಬಾಗಿಲಲ್ಲೇ ಕಾಯುತ್ತಿದ್ದ. ಅವನು ಬಡಗಿ, ಅರ್ಧಂಬರ್ಧ ಕೆಲಸ ಅವನಿಗೆ ಆಗದು. ಪೊದೆಗಳಿಲ್ಲ, ನೀರಿಗೆ ಬಾಗಿದ್ದ ಮರಗಳಿಲ್ಲ. ದಿಮ್ಮಿಗಳನ್ನು ಎಳೆದು ಗೋಡೆ ಪಕ್ಕ ಒಪ್ಪವಾಗಿ ಜೋಡಿಸಿದ್ದ. ಇಳಿಯಲು ಮರದ ಮೆಟ್ಟಿಲು ಬೇರೆ, ಅದಕ್ಕೊಂದು ಕಟಕಟೆ.

"ನೋಡಕ್ಕ, ಇನ್ಮೇಲೆ ನಿನ್ನ ಕಾಲಿಗೆ ಏನೂ ಆಗಲ್ಲ."

ಬೋಳಾದ ದಡವನ್ನೊಮ್ಮೆ ನೋಡಿ, "ಚೆನ್ನಾಗಿದೆ ಕಣೋ" ಅಂದೆ.

ನೆರಳಿಲ್ಲದ ನೀರು ಬೆಚ್ಚಗಿತ್ತು. ಬೇರುಗಳು ಹಿಡಿದಿಟ್ಟಿದ್ದ ಮಣ್ಣು ಕುಸಿದು ತಳದ ಕಲ್ಲುಗಳ ಮೇಲೆ ಕೆಸರಾಗಿ ಕೂತಿತ್ತು. ಪಟ್ಟೆ ಮೀನು ಮೊಟ್ಟೆ ಅಂಟಿಸುವುದು ಮುಳುಗಿದ ದಿಮ್ಮಿಗಳ ಅಡಿಗೆ. ದಿಮ್ಮಿಗಳು ಗೋಡೆ ಪಕ್ಕ ಒಣಗುತ್ತಿದ್ದವು. ಮತ್ತೆ ಮತ್ತೆ ಎಳೆದರೂ ಬಲೆ ಖಾಲಿ.

ಅವನು ಟವೆಲ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. "ಎಷ್ಟು ಸಿಕ್ವಕ್ಕ?"

"ಇವತ್ತು ಯಾಕೋ ಸರಿಹೋಗ್ತಿಲ್ಲ. ಇನ್ನೊಂದಿನ ನೋಡೋಣ." ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ ನನಗೇ ಅಸಹ್ಯವಾಯಿತು.

"ಪಕ್ಕದ್ಮನೆಯವ್ರಿಗೂ ಹೇಳಿದೀನಿ. ನಾಳೆ ಅವ್ರ ದಡಾನೂ ಕ್ಲೀನ್ ಮಾಡ್ಕೊಡ್ತೀನಿ. ನಿಂಗೆ ಅಲ್ಲೂ ಸುಲಭ ಆಗ್ಲಿ."

ಇನ್ನೂ ಸುಮ್ಮನಿದ್ದರೆ ಉಳಿದ ಮೀನೂ ಹೋಗುತ್ತಿತ್ತು. ನೀರಲ್ಲಿ ನಿಂತೇ ಎಲ್ಲ ಹೇಳಿದೆ: ನೆರಳು, ಬೇರು, ದಿಮ್ಮಿ, ಮೊಟ್ಟೆ. ಅವನ ಮುಖ ಸಪ್ಪಗಾಗುವುದನ್ನು ನೋಡಲಾಗದೆ, ನಾಚಿಕೆಯಿಂದ, ಖಾಲಿ ಬಲೆಯನ್ನು ಮಡಚುತ್ತಾ ಬಿಚ್ಚುತ್ತಾ ನಿಂತೆ.

"ತಪ್ಪು ನಂದೇ ಕಣೋ. ನಾನು ಗೊಣಗದೇ ಇದ್ದಿದ್ರೆ ನೀನು ಕಡೀತಿರ್ಲಿಲ್ಲ."

ಅವನು ಟವೆಲನ್ನು ಕಟಕಟೆಗೆ ಹಾಕಿ, ಗೋಡೆ ಪಕ್ಕ ಹೋಗಿ ಒಂದು ದಿಮ್ಮಿಯ ತುದಿ ಎತ್ತಿದ. ನಾನು ದಡ ಹತ್ತಿ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಅದನ್ನು ನೀರಿಗೆ ಇಳಿಸಿದೆವು.

"ಗೊಣಗಿದ್ದು ಬಿಡಕ್ಕ," ಅಂದ, ನನ್ನ ಕಡೆ ನೋಡದೆ. "ಇಷ್ಟು ವರ್ಷದಿಂದ ಬರ್ತಿದೀಯ. ಗೀರಿದ ಕಾಲೇನೋ ತೋರಿಸ್ದೆ. ನಮ್ಮನೆ ಹಿಂದೆ ಇದ್ದ ಮೀನನ್ನ ಒಂದಿನಾನಾದ್ರೂ ತೋರಿಸಿದ್ಯಾ?"

ತೋರಿಸಿರಲಿಲ್ಲ. ಪ್ರತಿ ವರ್ಷವೂ ಅವನು ಹಿಂಬಾಗಿಲಿಗೆ ಬರುವ ಮೊದಲೇ ಎಣಿಸಿ ಬಿಟ್ಟುಬಿಡುತ್ತಿದ್ದೆ. ಆಮೇಲೆ ಒಳಗೆ ಹೋಗಿ, ಅವನು ಬಡಿಸಿದ್ದನ್ನು ಉಂಡು ಬರುತ್ತಿದ್ದೆ.