ಯಾರಿಗೆ ಬೆಳೆದ ಕೊತ್ತಂಬರಿ

"ಅದನ್ನ ಅಣ್ಣನ ಎದೆ ಮೇಲೆ ಇಡಬೇಡಿ ಅತ್ತಿಗೆ. ತೆಗೀರಿ."

"ಯಾಕೋ ತೆಗೀಬೇಕು? ನನ್ನ ಗಂಡ, ಅವರೇ ಬೆಳೆದ ಸೊಪ್ಪು. ಕೇಳೋಕೆ ನೀನ್ಯಾರು?"

"ತಮ್ಮ. ಅದಕ್ಕೇ ಹೇಳ್ತಿದೀನಿ, ತೆಗೀರಿ."

"ಮುಟ್ಟು ನೋಡೋಣ, ಕೈ ಮುರೀತೀನಿ."

ಪಂಕ್ಚರ್ ಅಂಗಡಿಯವನು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದವನು ಅವನ ಅಣ್ಣ. ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುತ್ತಿದ್ದ ಮನುಷ್ಯ. ಉಗುರಿನ ಸಂದಿಯ ಕರಿ ಬಣ್ಣ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಎದೆಯ ಮೇಲೆ ಕೊತ್ತಂಬರಿ ಸೊಪ್ಪಿನ ಕಂತೆ. ಬೇರಿನ ಮಣ್ಣೂ ಉದುರಿರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಸಾಲಾಗಿದ್ದ ಬಣ್ಣದ ಡಬ್ಬಿಗಳಲ್ಲೊಂದರಿಂದ ಹೆಂಡತಿ ಅದನ್ನು ಈಗಷ್ಟೇ ಕಿತ್ತು ತಂದಿದ್ದಳು.

"ಜನ ನೋಡ್ತಿದಾರೆ ಅಮ್ಮ," ಅಂದಳು ಮಗಳು.

"ನೋಡಲಿ. ಅವರಿಗೆ ಇಷ್ಟವಾದ್ದು ಜಗತ್ತಲ್ಲಿ ಇದೊಂದೇ. ಇದನ್ನೂ ಬಿಟ್ಟು ಬರಿಗೈಲಿ ಕಳಿಸಲಾ?"

"ಅತ್ತಿಗೆ, ಅಣ್ಣನಿಗೆ ಕೊತ್ತಂಬರಿ ಅಂದ್ರೆ ಆಗ್ತಿರಲಿಲ್ಲ," ಅಂದ ಮೈದುನ.

*

ಮದುವೆಯಾದ ಹೊಸತು. ತರಕಾರಿ ಗಾಡಿಯವನೊಬ್ಬ ತನ್ನ ಗಾಡಿಯ ಮೇಲೆ ಹೆಸರು ಬರೆದುಕೊಟ್ಟ ಖುಷಿಗೆ ಕೊಟ್ಟ ಕೊತ್ತಂಬರಿ ಕಂತೆ ಹಿಡಿದು ಗಂಡ ಬಾಗಿಲಲ್ಲಿ ನಿಂತಿದ್ದ. ಆ ವಾಸನೆಗೆ ಅವಳು ಉಸಿರು ಬಿಗಿಹಿಡಿದಳು. ಆದರೆ ಅವನು ಕೈಯಾರೆ ತಂದ ಮೊದಲ ವಸ್ತು ಅದು. "ಎಷ್ಟು ಚೆನ್ನಾಗಿದೆ," ಅಂದುಬಿಟ್ಟಳು.

ಮರುತಿಂಗಳು ಅವನು ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಕೊತ್ತಂಬರಿ ಬೀಜ ತೆಗೆದು, ಪೇಪರಿನ ಮೇಲೆ ಹರಡಿ, ಗಾಜಿನ ಬಾಟಲಿ ಉರುಳಿಸಿ ಕಾಳನ್ನೆಲ್ಲ ಹೋಳು ಮಾಡಿದ. ಮೊದಲು ಇಡೀ ಕಾಳು ಬಿತ್ತಿ ಒಂದೂ ಬಂದಿರಲಿಲ್ಲವಂತೆ. ರಾತ್ರಿಯೆಲ್ಲ ನೆನೆಹಾಕಿ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಬಣ್ಣದ ಡಬ್ಬಿಯಲ್ಲಿ ಬಿತ್ತಿದ. ಮೊಳಕೆ ಬಂದ ದಿನ, "ಬಾ ಇಲ್ಲಿ," ಅಂತ ಕೂಗಿದ. ಹುಲ್ಲಿನೆಸಳಿನಂಥ ಎರಡೆರಡು ಎಲೆ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನು ಅವಳ ಮುಖವನ್ನೇ ನೋಡುತ್ತಿದ್ದ.

ಪಾಪ, ಎಷ್ಟು ಆಸೆ ಇವರಿಗೆ, ಅಂದುಕೊಂಡಳು ಅವಳು. ಅವತ್ತಿನಿಂದ ಕೊತ್ತಂಬರಿ ಬೀಳದ ಅಡುಗೆ ಆ ಮನೆಯಲ್ಲಿ ಆಗಲಿಲ್ಲ.

*

"ಸುಳ್ಳು ಹೇಳಬೇಡ. ಇಷ್ಟು ವರ್ಷ ಊಟದ ಡಬ್ಬಿ ಖಾಲಿಯಾಗೇ ವಾಪಸ್ ಬಂದಿದೆ," ಅಂದಳು ಹೆಂಡತಿ.

"ಬರದೇ ಏನು. ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಸೊಪ್ಪನ್ನೆಲ್ಲ ಆರಿಸಿ ಆರಿಸಿ ನನ್ನ ತಟ್ಟೆಗೆ ಹಾಕ್ತಿದ್ದ. ತಿಂದಿದ್ದು ನಾನು."

ಗೋಡೆಗೆ ಒರಗಿದ್ದ ಪಕ್ಕದ ಮನೆಯ ಟೀಚರಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು.

"ರಾತ್ರಿ? ನನ್ನ ಕಣ್ಣೆದುರಿಗೇ ತಿಂತಿದ್ರಲ್ಲ?"

"ಜಗೀತಿದ್ನಾ? ನೀರು ಕುಡಿದು ನುಂಗ್ತಿದ್ದ. ನನ್ನ ಹತ್ರ ಹೇಳಿದಾನೆ."

"ಹಾಗಾದ್ರೆ ಯಾಕೆ ಬೆಳೆದ್ರು? ನನ್ನ ಹೊಟ್ಟೆ ಉರಿಸೋಕಾ?"

ಮಗಳು ತಾಯಿಯ ತೋಳು ಹಿಡಿದಳು. "ನಿನಗೋಸ್ಕರ ಅಮ್ಮ. ಸಾಕು ಬಿಡಪ್ಪ ಅಂತ ಒಂದ್ಸಲ ಹೇಳಿದ್ದೆ. ನಿಮ್ಮಮ್ಮನಿಗೆ ಅದಿಲ್ಲದಿದ್ರೆ ಊಟ ಇಳಿಯಲ್ಲ ಅಂದ್ರು."

"ನನಗಾ?" ಹೆಂಡತಿ ಎಲ್ಲರ ಮುಖವನ್ನೂ ನೋಡಿದಳು. "ತಿಗಣೆ ಹೊಸಕಿದ ಹಾಗೆ ನಾರುತ್ತೆ ಅದು. ಅವರು ಮನೇಲಿಲ್ಲದಾಗ ಒಂದೆಸಳು ಹಾಕಿದವಳಲ್ಲ ನಾನು."

ಹೊರಗೆ ಶವದ ಗಾಡಿಯ ಡ್ರೈವರ್ ಹಾರ್ನ್ ಒತ್ತಿದ. ಹೆಂಡತಿ ಬಗ್ಗಿ ಕಂತೆಯನ್ನು ಎತ್ತಿಕೊಂಡಳು. ಮತ್ತೆ ಇಟ್ಟಳು. ಮತ್ತೆ ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ ಟೀಚರಮ್ಮನ ಮಡಿಲಿಗೆ ಹಾಕಿದಳು.

"ಇನ್ನೇನೇನು ನುಂಗಿಕೊಂಡಿದ್ರೋ ನಿಮ್ಮಣ್ಣ?" ಈಗ ಅವಳ ದನಿಯಲ್ಲಿ ಜಗಳವಿರಲಿಲ್ಲ. "ನಿನ್ನ ಹತ್ರ ಎಲ್ಲ ಹೇಳ್ತಿದ್ರಲ್ಲ. ನನ್ನ ವಿಷಯ ಏನು ಹೇಳ್ತಿದ್ರು?"

ಮೈದುನ ಬಾಯಿ ತೆರೆದ. ದಿನಾ ಜೊತೆಯಲ್ಲಿ ಉಂಡಿದ್ದ. ಗಿರಾಕಿಗಳ ಸುದ್ದಿ, ಬಣ್ಣದ ಸುದ್ದಿ, ಮೊಣಕಾಲು ನೋವಿನ ಸುದ್ದಿ ಎಲ್ಲ ನೆನಪಾಯಿತು. ಎಷ್ಟು ಕೆದಕಿದರೂ ಅತ್ತಿಗೆಯ ಬಗ್ಗೆ ಅಣ್ಣ ಆಡಿದ ಒಂದು ಮಾತು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಸಿಗಲಿಲ್ಲ.

"ಏನೂ ಹೇಳ್ತಿರಲಿಲ್ಲ ಅತ್ತಿಗೆ."

"ಏನೂ ಅಂದ್ರೆ?"

"ಏನೂ ಇಲ್ಲ."

ಅವಳು ತಲೆಯಾಡಿಸಿದಳು. ಗಂಡನ ಮುಖದ ಕಡೆ ನೋಡಲಿಲ್ಲ. ಜನ ದಾರಿ ಬಿಟ್ಟರು, ಮುಖ ತೊಳೆಯಲು ಹೊರಟಳೆಂದುಕೊಂಡು. ಅವಳು ಬಾಗಿಲು ದಾಟಿ, ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು, ಗೇಟು ದಾಟಿ, ಶವದ ಗಾಡಿಯ ಪಕ್ಕದಲ್ಲೇ ನಡೆದು, ಬೀದಿಯ ತಿರುವಿನಲ್ಲಿ ಮರೆಯಾದಳು.

"ಬರ್ತಾಳೆ," ಅಂದಳು ಟೀಚರಮ್ಮ. ಮಗಳು ತಿರುವಿನವರೆಗೆ ಓಡಿ ಬರಿದೇ ವಾಪಸ್ ಬಂದಳು. ಕಾದರು. ಇನ್ನೊಂದು ಮನೆಗೆ ಹೋಗಬೇಕು ಅಂತ ಡ್ರೈವರ್ ಗೊಣಗಿದ. ಮತ್ತೂ ಕಾದು, ಕೊನೆಗೆ ಎತ್ತಿದರು.

ತಲೆಯ ಕಡೆ ಹೆಗಲು ಕೊಟ್ಟಿದ್ದ ಮೈದುನ ಹೊಸ್ತಿಲಾಚೆ ಕಾಲಿನಿಂದಲೇ ತನ್ನ ಚಪ್ಪಲಿಗಾಗಿ ತಡಕಾಡಿದ. ಇರಲಿಲ್ಲ. ಅಲ್ಲಿ ಉಳಿದಿದ್ದವು ಹಿಮ್ಮಡಿ ಸವೆದ, ಅವನ ಅರ್ಧ ಪಾದವೂ ಹಿಡಿಸದ ಅತ್ತಿಗೆಯ ಚಪ್ಪಲಿಗಳು. ಹಿಂದಿನವರು ನಡಿ ನಡಿ ಅನ್ನುತ್ತಿದ್ದರು. ಅವನು ಬರಿಗಾಲಲ್ಲೇ ಕಾದ ಡಾಂಬರಿನ ಮೇಲೆ ಇಳಿದ.