ಗಾಡಿ ಏರಿದ ಎಲೆ

ಮುಚ್ಚಿಹೋಗಿದ್ದ ನಮ್ಮೂರ ಸ್ಟೇಷನ್ನಿಗೆ ಎಂಬತ್ತನಾಲ್ಕರಲ್ಲಿ ಸುಣ್ಣ ಬಳಿದರು. ಯಲವಿಗಿಯಿಂದ ಮತ್ತೆ ಉಗಿಬಂಡಿ ಬರುತ್ತದೆ, ಕೊನೆಯ ನಿಲ್ದಾಣ ಇದೇ ಎಂದು ಡಂಗುರ ಸಾರಿದರು. ಅದು ಪೇಟೆಯವರ ಮೋಜಿಗೆ ಮಾತ್ರ ಎಂದು ಒಬ್ಬನಾದರೂ ಬಾಯಿಬಿಟ್ಟನೇ? ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಪಕ್ಕದ ಮನೆಯ ವೀರವ್ವ ಡಂಗುರ ನಂಬಿ, ಇದ್ದ ತುಂಡು ಹೊಲದಲ್ಲೆಲ್ಲ ವೀಳ್ಯದೆಲೆಯ ಬಳ್ಳಿ ಹಚ್ಚಿದಳು. ಸವಣೂರಿನ ಎಲೆ ಬಲು ನಾಜೂಕು. ಬಸ್ಸಿನ ನೆತ್ತಿಯ ಮೇಲೆ ಬಿಸಿಲು ತಿಂದು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅರ್ಧ ಬುಟ್ಟಿ ಬಾಡಿರುತ್ತದೆ. ಗಾಡಿ ಬಂದರೆ ಬದುಕಿದೆ ಎನ್ನುತ್ತಿದ್ದಳು.

ಎಂಬತ್ತಾರರಲ್ಲಿ ಗಾಡಿ ಬಂತು. ಎಲೆಬುಟ್ಟಿಗಳಿಗೆ ಒದ್ದೆ ಬಾಳೆಯೆಲೆ ಹೊದಿಸಿ, ಮೊದಲು ಗಾಡಿ ಇದ್ದಾಗಿನಂತೆ ಅರಿಶಿನ ಕುಂಕುಮ ಹಚ್ಚಿ, ಮಲ್ಲಿಕಸಾಬನ ಚಕ್ಕಡಿಯಲ್ಲಿ ನಾವು ಸ್ಟೇಷನ್ನಿಗೆ ಹೋದೆವು. ಅಲ್ಲಿ ಪೇಟೆಯ ದೊಡ್ಡ ಮಂದಿ, ಫೋಟೋ ಹೊಡೆಯುವವನು ಎಲ್ಲ ನೆರೆದಿದ್ದರು. ರೈಲ್ವೆ ಸಾಹೇಬ ಅಡ್ಡ ಬಂದ.

“ಇದು ನೋಡೋ ಗಾಡಿ, ಮಾಲು ಹೇರೋದಲ್ಲ. ಹೊರಗ ನಡೀರಿ.”

ಅಷ್ಟರಲ್ಲಿ ಫೋಟೋದವನು ಅವನ ಕಿವಿಯಲ್ಲಿ ಏನೋ ಊದಿದ. ಸಾಹೇಬನ ಬಾಯಿಂದ ಬೆಣ್ಣೆ ಸುರಿಯತೊಡಗಿತು.

“ಯವ್ವಾ, ಹಿಂದಕ ಹೆಂಗ ಏರಸ್ತಿದ್ರಿ, ಒಂಚೂರು ತೋರಸ್ರಿ.”

ಏರಿಸಿದೆವು. ಫೋಟೋ ಹೊಡೆದರು.

“ಸಾಕು, ಇಳಸ್ರಿ ಇನ್ನ.”

ಎಂಥ ಮಾತು ಇದು! ಕುಂಕುಮ ಹಚ್ಚಿ ಗಾಡಿ ಏರಿಸಿದ ಎಲೆಯನ್ನು ನಮ್ಮಲ್ಲಿ ಯಾರೂ ಮನೆಗೆ ತರುವುದಿಲ್ಲ. ತಂದರೆ ತೋಟಕ್ಕೆ ಕೇಡು. ವೀರವ್ವ ಗಾಡಿಯ ಡಬ್ಬಿ ಹತ್ತಿ ಬುಟ್ಟಿಗಳ ನಡುವೆ ಕುಂತೇಬಿಟ್ಟಳು.

“ಏರಿಸಿದ ಎಲಿ ಇಳಸಂಗಿಲ್ರಿ. ನಿಮ್ಮ ಆಟಕ್ಕ ಏರಿಸಿಲ್ಲ ನಾ.”

ದೊಡ್ಡ ಮಂದಿಯ ಎದುರು ಮುದುಕಿಯನ್ನು ಎಳೆದು ಹಾಕಲು ಸಾಹೇಬನಿಗೆ ಧೈರ್ಯ ಸಾಲಲಿಲ್ಲ. ಗಾಡಿ ಹೊರಟಿತು. ನಾನೂ ಹತ್ತಿದೆ. ಯಲವಿಗಿಯಲ್ಲಿ ಬುಟ್ಟಿಗಳನ್ನು ಹುಬ್ಬಳ್ಳಿಯ ಪ್ಯಾಸೆಂಜರಿಗೆ ದಾಟಿಸಿದೆವು. ಎಲೆ ಹಸಿರು ಹಸಿರಾಗಿಯೇ ಮಾರ್ಕೆಟ್ಟು ಮುಟ್ಟಿತು. ವೀರವ್ವ ದಾರಿಯುದ್ದಕ್ಕೂ ಮುಂದಿನ ಕೊಯ್ಲಿನ ಮಾತೇ ಆಡಿದಳು.

ಮುಂದಿನ ಕೊಯ್ಲು ಹೊತ್ತು ಹೋದರೆ ಡಬ್ಬಿಗೆ ಬೀಗ. ಸ್ಟೇಷನ್ನಿನ ಗೋಡೆಗೆ ವೀರವ್ವನದೇ ಫೋಟೋ, ಬಾಗಿಲಷ್ಟು ದೊಡ್ಡದು. ಕೆಳಗಿನ ಬರಹ ನಾನು ಓದಿ ಹೇಳಿದೆ: ‘ಹಿಂದಿನ ಕಾಲದ ಜನ ಹೀಗೆ ಎಲೆ ಕಳಿಸುತ್ತಿದ್ದರು.’

ಅವಳು ತಲೆಯ ಮೇಲಿನ ಬುಟ್ಟಿ ಇಳಿಸದೆ ನೋಡಿದಳು.

“ಹಿಂದಿನ ಕಾಲದಾಕಿ ಅಂತ ನಾ? ಹಂಗಾರ ಈಗ ಈ ಬುಟ್ಟಿ ಹೊತ್ತು ನಿಂತಾಕಿ ಯಾರಪಾ?”

ಅವಳು ಆಗಲೇ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ್ದಳು. ಬಿಸಿಲು ಏರುತ್ತಿತ್ತು.